ಹದಿನಾಲ್ಕರ ಪಟ್ಟಿ

ಕಡಲ ತಳದ ಸುರಂಗ ದಾಟಿ ವಾರ್ಡೋ ದ್ವೀಪಕ್ಕೆ ಬಂದಾಗ
ಹನ್ನೊಂದಕ್ಕಿನ್ನೂ ಐದು ನಿಮಿಷ.
ಫೆಬ್ರುವರಿಯ ಸೂರ್ಯ, ರಜೆ ಮುಗಿಸಿ ಬಂದ ಗುಮಾಸ್ತನ ಹಾಗೆ,
ಕುರ್ಚಿಗೆ ಕೋಟು ತೂಗುಹಾಕಿ ಎಲ್ಲೋ ಹೋಗಿದ್ದಾನೆ.
ನಾನು ಔಷಧದಂಗಡಿಯವಳು. ತಿಂಗಳಿಗೊಂದು ಗುರುವಾರ
ಈ ವೃದ್ಧಾಲಯದ ಗುಳಿಗೆಗಳ ಲೆಕ್ಕ ನೋಡುತ್ತೇನೆ.

ಊಟದ ಕೋಣೆಯಲ್ಲಿ ಓಡ್ಮುಂಡ್. ಎಂಬತ್ತೇಳು.
ಅರವತ್ತು ವರ್ಷ ಕಾಡ್ ಮೀನು ಎಳೆದ ಕೈ
ಈಗ ಚಮಚಕ್ಕೂ ಸೋಲುತ್ತದೆ.
ಸಾರಿನ ಬಟ್ಟಲ ಮೇಲೆ ತಲೆ ಬಾಗಿ,
ಹಬೆಗೆ ಕನ್ನಡಕ ಮಸುಕಾಗಿ,
ಅಲ್ಲೇ ನಿದ್ದೆ.
'ವಯಸ್ಸು' ಎಂದಿದ್ದೆವು ಎಲ್ಲರೂ.
ಎಷ್ಟು ಸುಲಭದ ಮಾತು! ಒಂದು ಸಲ ಅಂದರೆ ಮುಗಿಯಿತು,
ಮತ್ತೇನೂ ಹುಡುಕಬೇಕಿಲ್ಲ.

ಮೇಜಿನ ಸುತ್ತ ಮೂವರು:
ಡಾಕ್ಟರ್ ಐವಿಂದ್, ನರ್ಸ್ ಯೋರುನ್, ಪಟ್ಟಿ ಹಿಡಿದ ನಾನು.
ಹದಿನಾಲ್ಕು ಹೆಸರು.
ಒಂದೊಂದಕ್ಕೂ ಕಾರಣವಿತ್ತು, ತೊಂದರೆ ಅದೇ.
ಒತ್ತಡ ಇಳಿಸಲು ಒಂದು; ಅದರಿಂದ ಕಾಲು ಊದಿತು.
ಊತ ಇಳಿಸಲು ಇನ್ನೊಂದು; ಅದರಿಂದ ರಾತ್ರಿಯೆಲ್ಲ ಮೂತ್ರ.
ಮೂತ್ರ ತಡೆಯಲು ಮತ್ತೊಂದು; ಅದರಿಂದ ತಲೆಯೊಳಗೆ ಮಂಜು.
ಮಂಜಿನಲ್ಲಿ ಕೂಗಾಡಿದ್ದಕ್ಕೆ ಮಗದೊಂದು; ಅದರಿಂದ ಕೈ ನಡುಕ.
ನಡುಕಕ್ಕೆ...
ಇಲಿಗೆ ಬೆಕ್ಕು, ಬೆಕ್ಕಿಗೆ ಹಾಲು, ಹಾಲಿಗೆ ಹಸು,
ಕೌಪೀನದಿಂದ ಶುರುವಾದ ಸಂಸಾರ.

'ಬಿಚ್ಚುವುದು ಎಲ್ಲಿಂದ?' ಎಂದ ಐವಿಂದ್.
ಕಾಗದ ಬಾಯಿ ಬಿಡಲಿಲ್ಲ.
ಹಾಸಿಗೆ ಬಟ್ಟೆಯ ಗಾಡಿ ತಳ್ಳುತ್ತ ಬಾಗಿಲಲ್ಲಿ ಲೆಟೆಬ್ರಹಾನ್,
ಎರಿಟ್ರಿಯಾದ ಕೆರೆನ್ ಊರಿನವಳು;
ಸಭೆಗೆ ಅವಳನ್ನು ಎಂದೂ ಯಾರೂ ಕರೆದಿರಲಿಲ್ಲ.
ಯೋರುನ್ ಕುರ್ಚಿ ಎಳೆದಳು: 'ಕೂತು ಹೇಳು.'
ಕೂರಲಿಲ್ಲ. ನಮ್ಮ ಭಾಷೆ ಅವಳಿಗೆ ನಾಲ್ಕನೆಯದು, ಅಳೆದಳೆದು ಆಡಿದಳು:
'ಮೊದಲು ನನ್ನ ಏಪ್ರನ್ ದಾರಕ್ಕೆ ಗಂಟು ಹಾಕುತ್ತಿದ್ದರು.
ಬಿಚ್ಚಲು ನನಗೆ ಬರುತ್ತಿರಲಿಲ್ಲ. ನಗುತ್ತಿದ್ದರು.
ಅಕ್ಟೋಬರ್ ಕೊನೆಯಿಂದ ಗಂಟು ಇಲ್ಲ.'

ಅಕ್ಟೋಬರ್ ಇಪ್ಪತ್ತಾರು.
ಪಟ್ಟಿಯ ಒಂಬತ್ತನೆಯ ಸಾಲು: 'ಒಂದು ವಾರ ಮಾತ್ರ.'
ನಾಲ್ಕು ತಿಂಗಳಾಗಿತ್ತು.

ಕಾಫಿ ಯಂತ್ರ ಕೆಮ್ಮಿತು.
'ಸಹಿ ನನ್ನದು' ಎಂದ ಐವಿಂದ್.
'ರಾತ್ರಿ ರಾತ್ರಿ ಕೊಟ್ಟವಳು ನಾನು' ಎಂದಳು ಯೋರುನ್.
ಎಣಿಸಿ, ಪೊಟ್ಟಣ ಕಟ್ಟಿ ಕಳಿಸಿದವಳು ನಾನು; ಅದನ್ನೂ ಹೇಳಿದೆ.
ತಪ್ಪು ಮೂರು ಪಾಲಾದರೆ ಹಗುರಾಗುತ್ತದೆಂದು ಯಾರಂದರು?
ಮೂವರಿಗೂ ಇಡಿಯಾಗೇ ಬಂತು.

ಬಲೆ ಹರಿಯದ ಹಾಗೆ ಬಿಡಿಸಬೇಕು:
ಒಂದು ಎಳೆ. ಎರಡು ವಾರ ಕಾಯುವುದು. ಇನ್ನೊಂದು ಎಳೆ.
ಲೆಟೆಬ್ರಹಾನ್ ಕೈಗೆ ಒಂದು ನೋಟುಪುಸ್ತಕ.
'ಇಂದು ಅರ್ಧ ಬಟ್ಟಲು.' 'ಇಂದು ಎದ್ದು ಬಿದ್ದರು, ಪೆಟ್ಟಿಲ್ಲ.'
'ಇಂದು ಕಿಟಕಿ ನೋಡಿದರು.' 'ಸಾರಿಗೆ ಉಪ್ಪಿಲ್ಲವೆಂದು ಬೈದರು.'
ಕೊನೆಯ ಸಾಲನ್ನು ಯೋರುನ್ ಫೋನಿನಲ್ಲಿ ನನಗೆ ಓದಿದಳು,
ಎರಡು ಸಲ.

ಮೇ ಬರುವಾಗ ಎಂಟು ಉಳಿದಿದ್ದವು.
ರಾತ್ರಿಗೆ ಕತ್ತಲಾಗುವುದೇ ಮರೆತುಹೋಗುತ್ತಿತ್ತು.
ಓಡ್ಮುಂಡ್ ಕನ್ನಡಕ ಒರೆಸಿ ಕೇಳಿದ: 'ಬೋರ್ಗ್‌ಹಿಲ್ ಎಲ್ಲಿ?'
ಡಿಸೆಂಬರಿನಲ್ಲಿ ಮಣ್ಣು ಮಾಡಿದ್ದರು ಅವಳನ್ನು.
ಮೊದಲ ಸಾಲಿನಲ್ಲಿ, ಗಾಲಿಕುರ್ಚಿಯಲ್ಲಿ, ಕಪ್ಪು ಕೋಟು ತೊಟ್ಟು
ಅವನೂ ಇದ್ದ,
ನಿದ್ದೆಯಲ್ಲಿ.

ಐದು ತಿಂಗಳು ತಡವಾಗಿ ಅತ್ತ.
ಐವಿಂದನ ಪೆನ್ನು ಕಾಗದದ ತನಕ ಬಂತು, ನಿಂತಿತು.
ನಾವು ಯಾರೂ ಏನೂ ಅನ್ನಲಿಲ್ಲ.
ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡ.

ಲೆಟೆಬ್ರಹಾನ್ ತಾನೇ ಕುರ್ಚಿ ಎಳೆದು ಅವನ ಪಕ್ಕ ಕೂತಳು.
ತುಂಬ ಹೊತ್ತಿನ ಮೇಲೆ ಏಳಲು ಹೋದರೆ ಏಪ್ರನ್ ಜಗ್ಗಿತು:
ಕುರ್ಚಿಯ ಕಾಲಿಗೆ ಗಂಟು, ದೋಣಿ ಕಟ್ಟುವ ಗಂಟು.
ಯೋರುನ್ ಉಗುರು ಹಾಕಿ ನೋಡಿದಳು, ನಾನೂ ನೋಡಿದೆ,
ಡಾಕ್ಟರು ಮಂಡಿಯೂರಿದ.
ಮುದುಕ ಮೂಗೊರೆಸಿಕೊಂಡು ಗದರಿದ:
'ಎಳೆಯಬೇಡಿ ಮಾರಾಯರೇ.
ಸಡಿಲಾಗಬೇಕಾದರೆ ಮೊದಲು ಒಳಕ್ಕೆ ತಳ್ಳಬೇಕು.'